ಬೂಸ್ಟರ್ ಹಾಕಿಸಿದ್ರೆ ಮುಗೀತಾ?

ಮೊನ್ನೆ ಭಾನುವಾರ ಅಕ್ಕನ ಮಗ ಬಂದಿದ್ದ, ಮುಖದ ತುಂಬ ನಗು. "ಮಾಮಾ, ಗಾಡಿಗೆ ಪವರ್ ಬ್ರೇಕ್ ಮಾಡ್ಸೀನಿ. ಈಗ ಸುಮ್ನ ಕಾಲ ಇಟ್ರ ಸಾಕು, ನಿಂದರತೈತಿ!" ಅಂದ.

ಗಾಡಿ ಅಂದ್ರೆ ಜೀಪಿನ ಚಾಸಿಯ ಮೇಲೆ ಕಟ್ಟಿದ ಹಳೇ ಡೀಸೆಲ್ ಪಿಕಪ್. ಸಾತಾರಾ ಕಡೆಯಿಂದ ಪಿಂಪ್ರಿಗೆ ತರಕಾರಿ ಹೊಡೀತಾನೆ. ಖಂಬಾಟಕಿ ಸುರಂಗ ದಾಟಿದ ಮೇಲಿನ ತಿರುವು, ಕಾತ್ರಜ್ ಹೊಸ ಸುರಂಗದಿಂದ ನವಲೆ ಪುಲ್ ತನಕದ ಇಳಿಜಾರು... ವಾರಕ್ಕೆ ನಾಲ್ಕು ಸಲ, ಲೋಡ್ ಸಮೇತ.

ನಾನು ಕೆಳಗಿಳಿದು ಗಾಡಿಯ ಅಡಿಗೆ ಬಗ್ಗಿ ನೋಡಿದೆ. ಭಂಗಾರದ ಗಾಡಿಯಿಂದ ಕಿತ್ತು ತಂದ ಬೂಸ್ಟರ್, ಮೇಲೆ ಹೊಸಾ ಕಪ್ಪು ಪೇಂಟು. ಆದರೆ ಬ್ರೇಕಿನ ರಬ್ಬರ್ ಹೋಸುಗಳು ಬಿರುಕು ಬಿಟ್ಟಿದ್ದವು. ಮಾಸ್ಟರ್ ಸಿಲಿಂಡರ್ ಅದೇ ಹಳೇದು, ಒಂಟಿ. "ಡ್ರಮ್ ಬಿಚ್ಚಿ ನೋಡ್ಯಾರೇನು?" ಅಂತ ಕೇಳಿದರೆ, "ಅದನ್ಯಾಕ ಬಿಚ್ಚೂದು ಮಾಮಾ, ಬೂಸ್ಟರ್ ಕುಂತೈತಲ್ಲ" ಅಂದ.

ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು!

ನನ್ನ ಸಿಟ್ಟು ಹುಡುಗನ ಮೇಲಲ್ಲ. ಆರೂವರೆ ಸಾವಿರ ತಗೊಂಡು "ಪವರ್ ಬ್ರೇಕ್ ಆಯ್ತು, ಹೋಗು" ಅಂತ ಕಳಿಸಿದ ಮಿಸ್ತ್ರಿಯ ಮೇಲೆ, ಮತ್ತು ಬೂಸ್ಟರ್ ಅಂದ್ರೆ ಬ್ರೇಕು ಅಂತ ನಂಬಿ ಕೂತಿರುವ ನಮ್ಮೆಲ್ಲರ ಮೇಲೆ. ಸ್ವಾಮಿ, ಬೂಸ್ಟರ್ ಗಾಡಿ ನಿಲ್ಲಿಸೋದಿಲ್ಲ. ನಿಮ್ಮ ಕಾಲಿಗೆ ಸಹಾಯ ಮಾಡುತ್ತೆ, ಅಷ್ಟೇ. ಗಾಡಿ ನಿಲ್ಲಿಸೋದು ಡ್ರಮ್ಮಿಗೆ ಒತ್ತುವ ಲೈನರು, ರಸ್ತೆ ಕಚ್ಚುವ ಟೈರು. ಅವೆರಡೂ ಸವೆದಿದ್ದರೆ ಪೆಡಲ್ ಬೆಣ್ಣೆಯಂತೆ ಇಳಿದು ಏನು ಪ್ರಯೋಜನ?

ಲೆಕ್ಕ ಕಷ್ಟದ್ದಲ್ಲ. ಸಾದಾ ಬ್ರೇಕಿನಲ್ಲಿ ಪೆಡಲ್ಲೇ ಸನ್ನೆಕೋಲು, ಸಾಮಾನ್ಯವಾಗಿ ಕಾಲಿನ ಒತ್ತಡವನ್ನು ಆರು ಪಟ್ಟು ಮಾಡುತ್ತೆ. 25 ಕಿಲೋ ತುಳಿದರೆ ಮಾಸ್ಟರ್ ಸಿಲಿಂಡರಿಗೆ 150 ಕಿಲೋ. ಬೂಸ್ಟರಿನೊಳಗೆ ಒಂದು ರಬ್ಬರಿನ ಪರದೆ. ಅದರ ಒಂದು ಕಡೆ ನಿರ್ವಾತ, ಪೆಡಲ್ ತುಳಿದಾಗ ಇನ್ನೊಂದು ಕಡೆಗೆ ಹೊರಗಿನ ಗಾಳಿ ನುಗ್ಗಿ ಅದನ್ನು ತಳ್ಳುತ್ತೆ. ಪರದೆ 23 ಸೆಂಟಿಮೀಟರ್ ಅಗಲ ಇದ್ದು ವ್ಯಾಕ್ಯೂಮ್ ಚೆನ್ನಾಗಿದ್ದರೆ ಸುಮಾರು 280 ಕಿಲೋ ಹೆಚ್ಚುವರಿ ಬಲ. ಅಂದ್ರೆ 150 ಇದ್ದದ್ದು 400 ದಾಟಿತು. ಈ ಒತ್ತಡ ಎಲ್ಲಿಗೆ ಹೋಗುತ್ತೆ? ಅದೇ ಬಿರುಕು ಬಿಟ್ಟ ಹೋಸಿಗೆ. ಅದೇ ಹಳೇ ವೀಲ್ ಸಿಲಿಂಡರಿನ ರಬ್ಬರ್ ಕಪ್ಪಿಗೆ. ಒಂಟಿ ಮಾಸ್ಟರ್ ಸಿಲಿಂಡರ್ ಇರುವ ಗಾಡಿಯಲ್ಲಿ ಒಂದು ಹೋಸ್ ಒಡೆದರೆ ನಾಲ್ಕೂ ಚಕ್ರದ ಬ್ರೇಕ್ ಹೋಯ್ತು. ಟ್ಯಾಂಡಮ್ ಸಿಲಿಂಡರ್ ಹಾಕಿ ಮುಂದಿನದು ಹಿಂದಿನದು ಬೇರೆ ಮಾಡಿದ್ದರೆ ಅರ್ಧವಾದರೂ ಉಳಿಯುತ್ತಿತ್ತು. ಮೊದಲ ದುಡ್ಡು ಹೋಗಬೇಕಾದ್ದು ಅಲ್ಲಿಗೆ.

ಇನ್ನು ಪೆಡಲ್. ಬೂಸ್ಟರ್ ಇರುವ ಗಾಡಿಗೆ ನಾಲ್ಕು ಪಟ್ಟಿನ ಸನ್ನೆ ಸಾಕು. ಆರು ಪಟ್ಟಿನದನ್ನೇ ಬಿಟ್ಟರೆ ಮುಟ್ಟಿದರೆ ಕಚ್ಚುತ್ತೆ. ಖಾಲಿ ಗಾಡಿ, ಮಳೆ ರಸ್ತೆ ಇದ್ದರಂತೂ ಹಿಂದಿನ ಚಕ್ರ ಲಾಕ್ ಆಗಿ ಗಾಡಿ ಅಡ್ಡ ತಿರುಗುತ್ತೆ. ನಮ್ಮ ಹುಡುಗ ಖುಷಿಪಟ್ಟಿದ್ದು ಇದಕ್ಕೇ.

ಘಾಟಿನಲ್ಲಿ ಡ್ರಮ್ ಕಾದರೆ ಅಗಲವಾಗಿ ಲೈನರಿನಿಂದ ದೂರ ಸರಿಯುತ್ತೆ. ಲೈನರಿನ ಹಿಡಿತವೂ ಕಡಿಮೆಯಾಗುತ್ತೆ. ಬ್ರೇಕ್ ಆಯಿಲ್ ಬೇರೆ ಗಾಳಿಯ ತೇವ ಹೀರಿಕೊಳ್ಳುತ್ತೆ. ಡಾಟ್ 3 ಆಯಿಲ್ ಹೊಸದಿದ್ದಾಗ 205 ಡಿಗ್ರಿಗೆ ಮೊದಲು ಕುದಿಯಬಾರದು ಅನ್ನೋದು ನಿಯಮ, ತೇವ ಸೇರಿದ್ದಕ್ಕೆ ಅದು 140ಕ್ಕೆ ಇಳಿಯುತ್ತೆ. ಕುದ್ದರೆ ಪೈಪಿನಲ್ಲಿ ಆವಿ, ಪೆಡಲ್ ಸೀದಾ ಕೆಳಗೆ. ಆಗ ಬೂಸ್ಟರ್ ಒತ್ತೋದು ಆವಿಯನ್ನೇ!

ಎಲ್ಲಕ್ಕಿಂತ ನನ್ನನ್ನು ಹೆದರಿಸಿದ್ದು ಬೇರೆ. ಡೀಸೆಲ್ ಎಂಜಿನ್ನಿನಲ್ಲಿ ಪೆಟ್ರೋಲ್ ಎಂಜಿನ್ನಿನ ಹಾಗೆ ಮ್ಯಾನಿಫೋಲ್ಡಿನಿಂದ ವ್ಯಾಕ್ಯೂಮ್ ಸಿಗೋದಿಲ್ಲ, ಪಂಪು ಬೇಕು. ಮಿಸ್ತ್ರಿ ಪಂಪ್ ಇರುವ ಆಲ್ಟರ್ನೇಟರನ್ನೇ ಹಾಕಿದ್ದಾನೆ, ಅದೊಂದು ಸರಿ ಮಾಡಿದ್ದಾನೆ. ಆದರೆ ಪಂಪ್ ತಿರುಗೋದು ಎಂಜಿನ್ ತಿರುಗಿದರೆ ಮಾತ್ರ. ಎಂಜಿನ್ ನಿಂತರೆ ಬೂಸ್ಟರಿನಲ್ಲಿ ಉಳಿದ ವ್ಯಾಕ್ಯೂಮ್ ಎರಡು ಮೂರು ಸಲ ತುಳಿಯೋದಕ್ಕೆ ಸಾಕು, ಆಮೇಲೆ ಪೆಡಲ್ ಕಲ್ಲು. ಸನ್ನೆಯನ್ನು ನಾಲ್ಕು ಪಟ್ಟಿಗೆ ಇಳಿಸಿದ್ದರಂತೂ ಹಳೇ ಸಾದಾ ಬ್ರೇಕಿಗಿಂತ ಗಟ್ಟಿ. ನಮ್ಮ ಹುಡುಗನಿಗೆ ಇದನ್ನು ಯಾರೂ ಹೇಳಿಲ್ಲ. ಇವನು ಡೀಸೆಲ್ ಉಳಿಸೋಕೆ ಕಾತ್ರಜ್ ಇಳಿಜಾರಿನಲ್ಲಿ ಎಂಜಿನ್ ಆಫ್ ಮಾಡಿ ನ್ಯೂಟ್ರಲ್‌ನಲ್ಲಿ ಬಿಡ್ತಾನೆ! ಸಾದಾ ಬ್ರೇಕಿದ್ದಾಗಲೂ ಹಾಗೇ ಮಾಡ್ತಿದ್ದನಂತೆ.

2022ರ ನವೆಂಬರ್ 20ರ ರಾತ್ರಿ ನವಲೆ ಪುಲ್ ಹತ್ತಿರ ಒಂದು ಟ್ರಕ್ ಇಳಿದು ಬಂದು 40ಕ್ಕೂ ಹೆಚ್ಚು ಗಾಡಿಗಳು ಜಖಂ ಆದವು. ಎಲ್ಲರೂ ಮೊದಲು ಹೇಳಿದ್ದು ಬ್ರೇಕ್ ಫೇಲ್ ಅಂತ. ಡ್ರೈವರ್ ಇಳಿಜಾರಿನಲ್ಲಿ ಎಂಜಿನ್ ಆಫ್ ಮಾಡಿದ್ದ ಅಂತ ಪೊಲೀಸರ ಪ್ರಾಥಮಿಕ ತನಿಖೆಯ ಮಾತು ಆಮೇಲೆ ಪೇಪರಿನಲ್ಲಿ ಬಂತು. ದೊಡ್ಡ ಟ್ರಕ್ಕುಗಳದ್ದು ಗಾಳಿ ಬ್ರೇಕು, ನಿಜ. ಆದರೆ ಗಾಳಿ ತುಂಬುವ ಕಂಪ್ರೆಸರೂ ಎಂಜಿನ್ನಿನ ಮೇಲೇ ಓಡೋದು.

ಹಾಗಂತ "ಹಳೇ ಗಾಡಿ ಹೆಂಗಿತ್ತೋ ಹಂಗೇ ಇರಲಿ" ಅನ್ನುವವರ ಜೊತೆಗೂ ನಾನಿಲ್ಲ. ಒಂದು ಟನ್ ಟೊಮ್ಯಾಟೊ ಹೇರಿಕೊಂಡು ರಾತ್ರಿಯಿಡೀ ಸಾದಾ ಬ್ರೇಕ್ ತುಳಿಯುವವನ ಮೊಣಕಾಲು ಏನಾಗುತ್ತೆ ಅಂತ ಅವರಿಗೇನು ಗೊತ್ತು? ಬೂಸ್ಟರ್ ಬೇಕು. ಕೊನೆಗೆ ಬೇಕು. ಡ್ರಮ್ಮು, ಲೈನರು, ವೀಲ್ ಸಿಲಿಂಡರು, ಹೋಸು, ಹೊಸ ಆಯಿಲ್, ಟ್ಯಾಂಡಮ್ ಸಿಲಿಂಡರ್, ಇಷ್ಟೂ ಆದ ಮೇಲೆ. "ಪಾಸಿಂಗ್ ಆಗೇತಲ್ಲ" ಅನ್ನೋ ಮಾತಂತೂ ಬೇಡ. ಇವನ ಗಾಡಿ ಪಾಸಿಂಗಿಗೆ ಹೋಗೋದು ಖಾಲಿ.

ಅವತ್ತೇ ಕೀಲಿ ಕಸಿದುಕೊಂಡೆ. ಮರುದಿನ ಬೇರೆ ಗ್ಯಾರೇಜಿನಲ್ಲಿ ಚಕ್ರ ಬಿಚ್ಚಿಸಿದೆ. ಹಿಂದಿನ ಎಡಗಡೆ ಡ್ರಮ್ಮಿನೊಳಗೆ ಆಯಿಲ್ ಸೋರಿ ಲೈನರ್ ಪೂರಾ ಒದ್ದೆ, ಬಲಗಡೆಯದರಲ್ಲಿ ಲೈನರ್ ಸವೆದು ರಿವೆಟ್ಟು ಡ್ರಮ್ಮನ್ನು ಕೊರೆದಿತ್ತು. ಗಾಡಿ ಈಗ ನಾಲ್ಕು ಕಲ್ಲಿನ ಮೇಲೆ ನಿಂತಿದೆ. ಅಕ್ಕ ವಿಜಾಪುರದಿಂದ ಫೋನ್ ಮಾಡಿ "ಹುಡುಗನ ದುಡಿಮಿಗೆ ಯಾಕ ಅಡ್ಡ ಬಂದಿ" ಅಂತ ಬೈದಳು. ಕೊರೆದ ಡ್ರಮ್ಮಿನ ಫೋಟೋ ಕಳಿಸಿದ್ದೀನಿ. ಇನ್ನೂ ಏನೂ ಅಂದಿಲ್ಲ.