ಕೆಟ್ಟಿದೆ ಅಂದುಕೊಂಡ ಡಬ್ಬಿ



ಕಳೆದ ಸಂಚಿಕೆಯ ಹೆರಳೆಕಾಯಿ ಉಪ್ಪಿನಕಾಯಿ ಕಹಿಯಾಯಿತೆಂದು ಮೂವರು ಬರೆದಿದ್ದೀರಿ. ಹೋಳನ್ನು ಉಪ್ಪಿನಲ್ಲಿ ಇನ್ನೂ ನಾಲ್ಕು ದಿನ ಬಿಡಿ, ಕಹಿ ತಾನಾಗಿ ಇಳಿಯುತ್ತದೆ. ಅವಸರ ಬೇಡ. ಈ ಮಾತು ಹೇಳುವುದಕ್ಕೆ ನನಗೆ ಯಾವ ಯೋಗ್ಯತೆಯೂ ಇಲ್ಲ ಅನ್ನಿ! ಅವಸರ ಮಾಡಿ ಈ ಹದಿನೈದು ದಿನದಲ್ಲಿ ನಾನೇ ಒಂದು ಎಡವಟ್ಟು ಮಾಡಿಕೊಂಡಿದ್ದೇನೆ. ಈ ಸಲ ಅಡಿಗೆಯ ಮಾತನ್ನು ಪಕ್ಕಕ್ಕಿಟ್ಟು ಅದನ್ನೇ ಹೇಳಿಬಿಡುತ್ತೇನೆ.

ನಮ್ಮ ಪುಟ್ಟ ಈಗ ಬಿ.ಕಾಂ. ಎರಡನೇ ವರ್ಷ. ಹೆಸರಿಗೆ ಪುಟ್ಟ, ಬಾಗಿಲಲ್ಲಿ ತಲೆ ಬಗ್ಗಿಸಿ ಬರುವಷ್ಟು ಉದ್ದ. ಹೋದ ವರ್ಷ ಮದುವೆ ಮನೆಗಳಲ್ಲಿ ಬಡಿಸಲು ಹೋಗಿ ದುಡ್ಡು ಕೂಡಿಸಿ, ಯಾರೋ ಬಳಸಿದ್ದ ಎಲೆಕ್ಟ್ರಿಕ್ ಗಿಟಾರು ತಂದ. ಅದೊಂದು ಬಗೆ ಇಂಪಾಗಿಯೇ ಇತ್ತು. ಈ ವರ್ಷ ಅದರ ಜೊತೆಗೆ ಒಂದು ಡಬ್ಬಿ ಬಂತು. ಅರ್ಧ ಇಟ್ಟಿಗೆಯಷ್ಟು ದಪ್ಪ, ಕಿತ್ತಳೆ ಬಣ್ಣ, ಮೇಲೆ ಮೂರು ತಿರುಗುಣಿ. ಅದನ್ನು ನೆಲದ ಮೇಲಿಟ್ಟು ಕಾಲಲ್ಲಿ ಒತ್ತಬೇಕು. ಒತ್ತಿದ್ದೇ ತಡ, ಮಿಕ್ಸಿಗೆ ಒಣಕೊಬ್ಬರಿ ಹಾಕಿದ ಹಾಗೆ ಗೊರ್ರ್ ಅಂತ ಶುರು!

"ಇದು ಸಂಗೀತವೇನೋ? ರೈಸ್ ಮಿಲ್ಲು! ಒಂದು ದಿನ ಗುಜರಿಗೆ ಹಾಕುತ್ತೇನೆ ನೋಡು," ಅಂತ ನಮ್ಮವರು ದಿನಾ ಅನ್ನುವುದು. ಇವನು ಬಾಗಿಲು ಹಾಕಿಕೊಳ್ಳುವುದು. ಹೀಗೇ ತಂದೆ ಮಗನ ನಡುವೆ ಮಾತು ಕಡಿಮೆಯಾಗುತ್ತಾ ಬಂತು. ಊಟದ ಹೊತ್ತಿಗೆ "ಸಾರು ಬಡಿಸು" ಅನ್ನುವುದು ಬಿಟ್ಟರೆ ಬೇರೆ ಮಾತಿಲ್ಲ. ಇಂಥ ಮನೆ ಎಷ್ಟು ಭಾರ ಅನ್ನುವುದು ನಿಮಗೂ ಗೊತ್ತಿರಬಹುದು.

ನನ್ನ ತಲೆ ಓಡಿದ್ದು ಹೀಗೆ. ಡಬ್ಬಿ ಇಲ್ಲದೆ ನುಡಿಸಿದರೆ ಗಿಟಾರು ಚೆನ್ನಾಗಿದೆ, ಡಬ್ಬಿ ಒತ್ತಿದರೆ ಗೊರಗೊರ. ಅಂದಮೇಲೆ ಡಬ್ಬಿಯೇ ಕೆಟ್ಟಿದೆ. ಪಾಪ, ಹಳೇ ಮಾಲು ಕೊಟ್ಟು ಹುಡುಗನಿಗೆ ಯಾರೋ ಮೋಸ ಮಾಡಿದ್ದಾರೆ! ರಿಪೇರಿ ಮಾಡಿಸಿ ಇಟ್ಟರೆ ಅವನಿಗೂ ಸಂತೋಷ, ಇವರಿಗೂ ಕೋಪ ಇಳಿಯುತ್ತದೆ. ಹೀಗೆಂದುಕೊಂಡು ಒಂದು ಗುರುವಾರ, ಅವನು ಕಾಲೇಜಿಗೆ ಹೋದಮೇಲೆ, ಡಬ್ಬಿಯನ್ನು ಬಟ್ಟೆ ಚೀಲಕ್ಕೆ ಹಾಕಿಕೊಂಡು ಪೇಟೆ ಬೀದಿಯ ರಿಪೇರಿ ಅಂಗಡಿಗೆ ಕೊಟ್ಟು ಬಂದೆ. "ನಾಳೆ ಬನ್ನಿ ಅಕ್ಕಾ," ಅಂದರು.

ಅಂದು ಸಂಜೆ ಪುಟ್ಟ ಡಬ್ಬಿ ಹುಡುಕಿದ. ಸಿಗಲಿಲ್ಲ. ನೆಟ್ಟಗೆ ಹೊರಗೆ ಬಂದು, "ಅಪ್ಪ, ನೀವೇ ತಾನೆ ಮಾರಿದ್ದು?" ಅಂದುಬಿಟ್ಟ. ಇವರಿಗೆ ತಲೆಬುಡ ತಿಳಿಯದು. "ನಾನ್ಯಾಕೋ ಮುಟ್ಟಲಿ!" ಅಂದರು. ಅವನು ನಂಬಲಿಲ್ಲ. "ಬಡಿಸಿ ಬಡಿಸಿ ಸಂಪಾದಿಸಿದ ದುಡ್ಡು ಅದು," ಅಂದವನೇ ಊಟ ಬಿಟ್ಟು ಮಲಗಿದ. ಇವರು ತಟ್ಟೆಯ ಮುಂದೆ ಕೂತವರು ಎರಡು ತುತ್ತಿಗೆ ಎದ್ದರು.

ನಾನು? ಬಾಯಿ ಬಿಡಲಿಲ್ಲ. ರಿಪೇರಿಯಾದ ಡಬ್ಬಿಯನ್ನು ಕೈಗಿಟ್ಟು ಅಚ್ಚರಿ ಕೊಡೋಣವೆಂದು ಮೊದಲು ಸುಮ್ಮನಿದ್ದೆ. ಮಾತು ಏರಿದಮೇಲೆ ಹೆದರಿ ಸುಮ್ಮನಿದ್ದೆ. ಮಾಡದ ತಪ್ಪಿಗೆ ಇಡೀ ರಾತ್ರಿ ಇವರು ಮಗನ ಕಣ್ಣಲ್ಲಿ ಕಳ್ಳರಾದರು. ಗೆಳತಿಯರೇ, ನಿಮ್ಮ ಮುಂದೆ ಮುಚ್ಚಿಟ್ಟು ಏನು ಪ್ರಯೋಜನ? ಅದಕ್ಕೇ ಬರೆದೆ.

ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಂತೆ. ರಿಪೇರಿಯವರು ಡಬ್ಬಿ ಬಿಚ್ಚಿ ಮುಚ್ಚಿ, ನನ್ನ ಮುಖ ನೋಡಿ ನಕ್ಕು ಅಂದರು: "ಅಕ್ಕಾ, ಇದು ಕೆಟ್ಟಿಲ್ಲ. ಸ್ವರ ಕೆಡಿಸುವುದಕ್ಕೇ ಇದನ್ನು ಮಾಡಿರುವುದು!" ಕಾಸೂ ಮುಟ್ಟಲಿಲ್ಲ.

ಮನೆಗೆ ಬಂದು ಇಬ್ಬರ ಎದುರಿಗೂ ಡಬ್ಬಿ ಇಟ್ಟು ನಿಜ ಹೇಳಿದೆ. ಪುಟ್ಟ ಅಪ್ಪನ ಮುಖ ನೋಡಲಾರದೆ ನಿಂತ. ಇವರು ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಕುರ್ಚಿ ಎಳೆದು ಕೂತು, "ಅಲ್ಲವೋ, ಇಷ್ಟು ರಂಪ ಆಯಿತಲ್ಲ, ಸ್ವರ ಕೆಡಿಸುವುದಕ್ಕೆ ದುಡ್ಡು ಕೊಡುವವರು ಯಾರು, ಯಾಕೆ, ಅದನ್ನಾದರೂ ಹೇಳು," ಅಂದರು. ಎಷ್ಟೋ ತಿಂಗಳ ಮೇಲೆ ಅವತ್ತು ಹುಡುಗ ಒಂದು ಗಂಟೆ ಮಾತಾಡಿದ. ಅವನು ಹೇಳಿದ್ದರಲ್ಲಿ ನನಗೆ ತಿಳಿದಷ್ಟನ್ನು ನಿಮಗೂ ಹೇಳುತ್ತೇನೆ.

ಈ ಗೊರಗೊರ ಸ್ವರಕ್ಕೆ ಡಿಸ್ಟಾರ್ಷನ್ ಅನ್ನುತ್ತಾರೆ. ಇದು ಹುಟ್ಟಿದ್ದೇ ಕೆಟ್ಟ ಸಾಮಾನಿನಿಂದ. 1951ರಲ್ಲಿ ಅಮೆರಿಕದ ಮೆಂಫಿಸ್ ನಗರಕ್ಕೆ ಒಂದು ತಂಡ ಹಾಡು ಮುದ್ರಿಸಲು ಹೊರಟಿತ್ತು. ಅವರ ಆಂಪ್ಲಿಫೈಯರಿಗೆ ಪೆಟ್ಟಾಯಿತು. ಬೇರೆ ತರಲು ದಾರಿಯಿಲ್ಲದೆ ಒಳಗೆ ಕಾಗದ ತುರುಕಿ ಹಾಗೇ ನುಡಿಸಿದರು. ಆ ಹಾಡು 'ರಾಕೆಟ್ 88' ಹೆಸರುವಾಸಿಯಾಯಿತು. 1958ರಲ್ಲಿ ಲಿಂಕ್ ರೇ ಎಂಬಾತ ಬೇಕೆಂದೇ ಪೆನ್ಸಿಲಿನಿಂದ ಸ್ಪೀಕರಿಗೆ ತೂತು ಹಾಕಿದ. 1964ರಲ್ಲಿ ಲಂಡನ್ನಿನ ಡೇವ್ ಡೇವಿಸ್ ಎಂಬ ಹದಿನೇಳರ ಹುಡುಗ ಬ್ಲೇಡಿನಿಂದ ಸ್ಪೀಕರಿನ ಕಾಗದವನ್ನೇ ಸೀಳಿದ. ಅವನ ಅಮ್ಮನ ಮನಸ್ಸಿಗೆ ಏನೆನಿಸಿತೋ! ನಮ್ಮವನು ಅಷ್ಟರಮಟ್ಟಿಗೆ ವಾಸಿ ಅಂದುಕೊಂಡೆ.

ಡಬ್ಬಿಯ ಕಥೆ ಇನ್ನೂ ಸ್ವಾರಸ್ಯ. ನ್ಯಾಶ್‌ವಿಲ್ ಎಂಬ ಊರಿನಲ್ಲಿ ಮಾರ್ಟಿ ರಾಬಿನ್ಸ್ ಎಂಬ ಗಾಯಕರ ಹಾಡಿನ ಮುದ್ರಣ ನಡೆದಿತ್ತು. ಗ್ರೇಡಿ ಮಾರ್ಟಿನ್ ಎಂಬವರು ನುಡಿಸುತ್ತಿದ್ದಾಗ ಮುದ್ರಣದ ಯಂತ್ರದೊಳಗೆ ಒಂದು ಭಾಗ ಕೆಟ್ಟು, ಸ್ವರ ದುಂಬಿ ಮೊರೆದಂತೆ ಬಂತು. ಅದನ್ನು ಅಳಿಸದೆ ಉಳಿಸಿಕೊಂಡರು. 1961ರಲ್ಲಿ ಹೊರಬಂದ ಆ ಹಾಡು ಜನಕ್ಕೆ ಬಹಳ ಹಿಡಿಸಿತು. ಬೇರೆಯವರೂ ಬಂದು ಅದೇ ಸ್ವರ ಬೇಕೆಂದರು. ಅಷ್ಟರಲ್ಲಿ ಆ ಕೆಟ್ಟ ಭಾಗ ಪೂರ್ತಿ ಸತ್ತುಹೋಗಿತ್ತು! ಅಲ್ಲಿನ ಇಂಜಿನಿಯರ್ ಗ್ಲೆನ್ ಸ್ನಾಡಿ ತಲೆ ಓಡಿಸಿ, ಟ್ರಾನ್ಸಿಸ್ಟರುಗಳನ್ನು ಜೋಡಿಸಿ, ಅದೇ ಸ್ವರ ಕೊಡುವ ಒಂದು ಡಬ್ಬಿ ಮಾಡಿದರು. ಗಿಬ್ಸನ್ ಕಂಪನಿ ಅದನ್ನು 1962ರಲ್ಲಿ 'ಮೇಸ್ಟ್ರೋ ಫಜ್ ಟೋನ್' ಎಂದು ಮಾರಾಟಕ್ಕೆ ತಂದಿತು.

ಮೊದಮೊದಲು ಅದನ್ನು ಕೇಳುವವರಿರಲಿಲ್ಲವಂತೆ. 1965ರಲ್ಲಿ ಇಂಗ್ಲೆಂಡಿನ ರೋಲಿಂಗ್ ಸ್ಟೋನ್ಸ್ ತಂಡದ ಕೀತ್ ರಿಚರ್ಡ್ಸ್ 'ಸ್ಯಾಟಿಸ್‌ಫ್ಯಾಕ್ಷನ್' ಹಾಡಿಗೆ ಅದನ್ನು ಬಳಸಿದರು. ಅವರಿಗೆ ನಿಜವಾಗಿ ಬೇಕಾಗಿದ್ದು ಕಹಳೆಗಳ ದನಿ. ಅದು ಹೇಗಿರಬೇಕೆಂದು ತೋರಿಸಲು ಈ ಡಬ್ಬಿಯಲ್ಲಿ ನುಡಿಸಿಟ್ಟಿದ್ದರು, ಅಷ್ಟೆ. ಉಳಿದವರು ಇದೇ ಇರಲಿ ಎಂದರು. ಹಾಡು ಲೋಕವೆಲ್ಲ ಸುತ್ತಿತು, ವರ್ಷ ಮುಗಿಯುವುದರೊಳಗೆ ಅಂಗಡಿಗಳಲ್ಲಿ ಡಬ್ಬಿಗಳು ಖಾಲಿ!

ಆಮೇಲೆ ಬಗೆಬಗೆಯವು ಬಂದವು. 1966ರಲ್ಲಿ ಲಂಡನ್ನಿನಿಂದ ದುಂಡು ಮುಖದಂಥ 'ಫಜ್ ಫೇಸ್' ಬಂತು. ಜಿಮಿ ಹೆಂಡ್ರಿಕ್ಸ್ 1969ರ ವುಡ್‌ಸ್ಟಾಕ್ ಮೇಳದಲ್ಲಿ ಅದನ್ನು ಒತ್ತಿ ಅಮೆರಿಕದ ರಾಷ್ಟ್ರಗೀತೆಯನ್ನು ನುಡಿಸಿದರು. ವಿಯೆಟ್ನಾಂ ಯುದ್ಧದ ಕಾಲ ಅದು. ಮಾತಿಲ್ಲದೆ, ಗಿಟಾರಿನಲ್ಲೇ ಬಾಂಬಿನ ಸದ್ದು, ಚೀರಾಟ ಕೇಳಿದಂತಾಗುತ್ತದೆ. ಪುಟ್ಟ ಫೋನಿನಲ್ಲಿ ಹಾಕಿ ಕೇಳಿಸಿದ. ಇಂಪು ಅನ್ನಲಾರೆ, ಆದರೆ ಮೈ ಜುಮ್ಮೆಂದಿತು. ಫಜ್ ಫೇಸಿನ ಮೊದಲ ಡಬ್ಬಿಗಳ ಟ್ರಾನ್ಸಿಸ್ಟರು ಜರ್ಮೇನಿಯಂನದು, ಸೆಕೆ ಹೆಚ್ಚಾದರೆ ಸ್ವರ ಬದಲಾಗುತ್ತಿತ್ತಂತೆ. ಬೇಸಿಗೆಯಲ್ಲಿ ದೋಸೆ ಹಿಟ್ಟು ನಮ್ಮ ಮಾತು ಕೇಳದ ಹಾಗೆ!

ನಮ್ಮ ಮನೆಯ ಕಿತ್ತಳೆ ಡಬ್ಬಿ ಜಪಾನಿನ ಬಾಸ್ ಕಂಪನಿಯವರು 1978ರಲ್ಲಿ ತಂದ 'ಡಿಎಸ್-1'. ನಿರ್ವಾಣ ತಂಡದ ಕರ್ಟ್ ಕೊಬೇನ್ ಬಳಸಿದ್ದು ಇಂಥದ್ದನ್ನೇ. ಮೂರು ತಿರುಗುಣಿಯಲ್ಲಿ ಒಂದು ಗೊರಗೊರ ಎಷ್ಟಿರಬೇಕೆಂಬುದಕ್ಕೆ, ಒಂದು ಸದ್ದು ಎಷ್ಟೆಂಬುದಕ್ಕೆ, ಇನ್ನೊಂದು ಸ್ವರ ಮಂದವೋ ಚುರುಕೋ ಎಂಬುದಕ್ಕೆ. ಉಪ್ಪು, ಹುಳಿ, ಖಾರ ಅಂದುಕೊಳ್ಳಿ. ಒಂದು ಹೆಚ್ಚಾದರೂ ಸಾರು ಕೆಟ್ಟಂತೆ.

ಹೆಂಗಸರು ಯಾರೂ ಇಲ್ಲವೇನೋ ಎಂದು ಕೇಳಿದೆ. ಡಬ್ಬಿಗಳೇ ಇಲ್ಲದ ಕಾಲದಲ್ಲಿ ಸಿಸ್ಟರ್ ರೊಸೆಟ್ಟಾ ಥಾರ್ಪ್ ಎಂಬಾಕೆ ಇದ್ದರಂತೆ. 1915ರಲ್ಲಿ ಹುಟ್ಟಿದ ಕರಿಯ ಜನಾಂಗದ ಹೆಣ್ಣುಮಗಳು, ಚರ್ಚಿನ ಹಾಡು ಹಾಡುತ್ತಾ ಬೆಳೆದವರು. ಎಲೆಕ್ಟ್ರಿಕ್ ಗಿಟಾರನ್ನು ಈ ಒರಟು ದನಿ ಬರುವಂತೆ ಮೊದಲು ನುಡಿಸಿದವರಲ್ಲಿ ಒಬ್ಬರು. 1964ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ, ಹಳೆಯ ರೈಲು ನಿಲ್ದಾಣದಲ್ಲಿ, ಮಳೆಯ ನಡುವೆ ಕೋಟು ತೊಟ್ಟು ಗಿಟಾರು ಹಿಡಿದು ನಿಂತ ಚಿತ್ರ ಈಗಲೂ ನೋಡಲು ಸಿಗುತ್ತದೆ. 1973ರಲ್ಲಿ ತೀರಿಕೊಂಡರು. ಅಮೆರಿಕದ ರಾಕ್ ಸಂಗೀತದವರ ಗೌರವದ ಪಟ್ಟಿಗೆ ಅವರ ಹೆಸರು ಸೇರಿದ್ದು 2018ರಲ್ಲಿ! ನಮ್ಮಂಥವರ ಕೆಲಸಕ್ಕೆ ಲೆಕ್ಕ ಬರೆಯುವವರು ಎಲ್ಲ ಕಡೆಯೂ ನಿಧಾನವೇ.

ಇನ್ನು ಒಳಗಿನ ಗುಟ್ಟು. ತಂತಿ ಮೀಟಿದಾಗ ಅದರ ನಡುಕ ವಿದ್ಯುತ್ತಿನ ಒಂದು ಸಣ್ಣ ಅಲೆಯಾಗುತ್ತದೆ. ಡಬ್ಬಿ ಆ ಅಲೆಯನ್ನು ಬಹಳ ಎತ್ತರಕ್ಕೆ ಉಬ್ಬಿಸುತ್ತದೆ, ಆಮೇಲೆ ಒಂದು ಮಟ್ಟದಿಂದ ಆಚೆಗೆ ಹೋಗಲು ಬಿಡುವುದಿಲ್ಲ. ಪಾವಿನ ತುಂಬ ರಾಶಿಯಾಗಿ ಅಕ್ಕಿ ಹಾಕಿ ಕೈಯಲ್ಲಿ ಸವರಿದರೆ ಮೇಲಿನ ಗೋಪುರ ಹೋಗಿ ಸಮವಾಗುವುದಿಲ್ಲವೇ, ಹಾಗೆ ಅಲೆಯ ತಲೆ ಸಪಾಟಾಗುತ್ತದೆ. ಈ ಸವರುವ ಕೆಲಸ ಮಾಡುವುದು ಡಯೋಡ್ ಎಂಬ ಕಾಳಿನಂಥ ಬಿಡಿಭಾಗಗಳು. ದುಂಡಗಿದ್ದ ಅಲೆಗೆ ಅಂಚು ಬಂದಕೂಡಲೇ, ಮೂಲ ಸ್ವರದ ಜೊತೆಗೆ ಮೇಲಿನ ಎಷ್ಟೋ ಸ್ವರಗಳು ಎದ್ದು ಕೇಳುತ್ತವೆ. ಕ್ಷೀಣವಾದ ಸ್ವರವನ್ನೂ ಡಬ್ಬಿ ಅದೇ ಮಟ್ಟಕ್ಕೆ ಉಬ್ಬಿಸುವುದರಿಂದ ಒಂದು ಮೀಟಿಗೆ ನಾದ ಬಹಳ ಹೊತ್ತು ನಿಲ್ಲುತ್ತದೆ.

ಮೂರ್ನಾಲ್ಕು ಸ್ವರ ಒಟ್ಟಿಗೆ ನುಡಿಸಿದರೆ ಹೀಗೆ ಎದ್ದ ಸ್ವರಗಳು ಒಂದಕ್ಕೊಂದು ಡಿಕ್ಕಿ ಹೊಡೆದು ಗೊಜ್ಜಾಗುತ್ತದೆ. ಅದಕ್ಕೇ ಈ ಸಂಗೀತಗಾರರು ಹೆಚ್ಚಾಗಿ ಎರಡೇ ಸ್ವರ ಹಿಡಿಯುತ್ತಾರಂತೆ. "ಯಾವ ಎರಡೋ?" ಅಂದೆ. ನುಡಿಸಿ ತೋರಿಸಿದ.

ಷಡ್ಜ, ಪಂಚಮ!

ಗೆಳತಿಯರೇ, ನಾನು ಹುಡುಗಿಯಾಗಿದ್ದಾಗ ಸಂಗೀತದ ಜೂನಿಯರ್ ಪರೀಕ್ಷೆ ಕಟ್ಟಿದವಳು. ತವರಿನಿಂದ ತಂದ ತಂಬೂರಿ ಹಳೇ ಸೀರೆ ಸುತ್ತಿಕೊಂಡು ಅಟ್ಟದ ಮೇಲೆ ಕೂತು ಎಷ್ಟೋ ವರ್ಷವಾಯಿತು. ತಂಬೂರಿಯ ನಾಲ್ಕು ತಂತಿಯೂ ಪಂಚಮ, ಷಡ್ಜಗಳೇ ತಾನೆ? ಆ ಸಂಜೆ ಅದನ್ನು ಇಳಿಸಿದೆ. ಶ್ರುತಿ ಮಾಡಿದೆ. ದನಿ ಮಂಕಾಗಿತ್ತು. ನಮ್ಮ ಮೇಷ್ಟ್ರು ಮಾಡುತ್ತಿದ್ದುದು ನೆನಪಾಗಿ, ಹತ್ತಿ ದಾರದ ಎಳೆಯನ್ನು ಕುದುರೆಯ ಮೇಲೆ ತಂತಿಯ ಅಡಿಗೆ ಸೇರಿಸಿ ಮೆಲ್ಲಗೆ ಸರಿಸುತ್ತಾ ಬಂದೆ. ಒಂದು ಕಡೆ ಬಂದಾಗ ಝೇಂ ಎಂದು ತಂತಿ ಮೊರೆಯಿತು. ಇದಕ್ಕೇ ಜೀವಾಳಿ ಅನ್ನುತ್ತಾರೆ, ಉತ್ತರದವರು ಜವಾರಿ ಅನ್ನುತ್ತಾರೆ. ಆ ಮೊರೆತದಲ್ಲಿ ನಾವು ಮೀಟದೇ ಇರುವ ಗಾಂಧಾರವೂ ತಾನಾಗಿ ಕೇಳುತ್ತದೆ. ದಾರ ತೆಗೆದರೆ ತಂತಿ ಶುದ್ಧವಾಗಿ ನುಡಿಯುತ್ತದೆ, ಆದರೆ ಜೀವ ಇರುವುದಿಲ್ಲ.

ಪುಟ್ಟ ಬಾಯಿ ಬಿಟ್ಟು ನೋಡುತ್ತಿದ್ದವನು, "ಅಮ್ಮಾ, ಇದು ನಿನ್ನ ಪೆಡಲ್ಲು!" ಅಂದ. ಪೇಪರಿನ ಹಿಂದಿನಿಂದ ನಮ್ಮವರು ನಕ್ಕಿದ್ದು ಕೇಳಿಸಿತು.

ಇವರಿಗೆ ಆ ಸಂಗೀತ ಹಿಡಿಸಿತೆಂದು ಸುಳ್ಳು ಹೇಳಲಾರೆ. ಈಗಲೂ ರೈಸ್ ಮಿಲ್ಲೇ. ಆದರೆ ಸಂಜೆ ಆರೂವರೆಯಿಂದ ಏಳೂವರೆ ಮಿಲ್ಲು ನಡೆಯಬಹುದೆಂದು ಒಪ್ಪಂದವಾಗಿದೆ. ಪುಟ್ಟ ಅಪ್ಪನ ಹತ್ತಿರ ಹೋಗಿ, "ತಪ್ಪಾಯಿತು ಅಪ್ಪ," ಅಂದ. ಹೇಳಬೇಕಾಗಿದ್ದವಳು ನಾನು. ನಾನೂ ಹೇಳಿದೆ.

ನಿಮ್ಮ ಮನೆಯಲ್ಲೂ ಇಂಥ ಡಬ್ಬಿ ಬಂದರೆ, ನಾನು ಕಲಿತ ನಾಲ್ಕು ವಿಷಯ ಇಲ್ಲಿವೆ:

1. ನುಡಿಸಿ ಮುಗಿದಮೇಲೆ ಗಿಟಾರಿನಿಂದ ಡಬ್ಬಿಗೆ ಬರುವ ವೈರನ್ನು ಡಬ್ಬಿಯಿಂದ ಕಳಚಿಡಲಿ. ವೈರು ಚುಚ್ಚಿದ್ದರೆ ಸದ್ದಿಲ್ಲದಿದ್ದರೂ ಒಳಗಿನ 9 ವೋಲ್ಟಿನ ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ.

2. ಬ್ಯಾಟರಿ ಬದಲು ಅಡಾಪ್ಟರು ಹಾಕುವುದಾದರೆ ಮನೆಯಲ್ಲಿ ಸಿಕ್ಕಿದ್ದನ್ನು ಚುಚ್ಚಬೇಡಿ. ವೋಲ್ಟು, ಪ್ಲಸ್ಸು ಮೈನಸ್ಸಿನ ಗುರುತು ಡಬ್ಬಿಯ ಮೇಲಿರುವುದಕ್ಕೆ ಹೊಂದಬೇಕು.

3. ಆಂಪ್ಲಿಫೈಯರನ್ನು ಅರ್ಥಿಂಗ್ ಸರಿಯಿರುವ ಮೂರು ಕಡ್ಡಿಯ ಪ್ಲಗ್ಗಿಗೇ ಹಾಕಲಿ. ನೆಲ ಒರೆಸಿ ಒದ್ದೆಯಿರುವಾಗ ಬರಿಗಾಲಲ್ಲಿ ನಿಂತು ನುಡಿಸುವುದು ಬೇಡವೇ ಬೇಡ.

4. ಆಂಪ್ಲಿಫೈಯರಿಗೆ ಹೆಡ್‌ಫೋನು ಚುಚ್ಚಿಕೊಂಡರೆ ನೆರೆಮನೆಯವರಿಗೆ ನೆಮ್ಮದಿ. ಆದರೆ ಸದ್ದು ಸಣ್ಣದಾಗಿರಲಿ. ತೆಗೆದಮೇಲೆ ಕಿವಿಯಲ್ಲಿ ಗುಂಯ್ ಅಂದರೆ ಅದು ಎಚ್ಚರಿಕೆ; ಕೆಟ್ಟ ಕಿವಿಯನ್ನು ಯಾವ ಅಂಗಡಿಯಲ್ಲೂ ರಿಪೇರಿ ಮಾಡುವುದಿಲ್ಲ.

ಐದನೆಯದು ನನಗೆ ನಾನೇ ಹೇಳಿಕೊಂಡಿದ್ದು: ಮಕ್ಕಳ ಸಾಮಾನು ಕೆಟ್ಟಿದೆ ಅನ್ನಿಸಿದರೆ ಅಂಗಡಿಗೆ ಒಯ್ಯುವ ಮೊದಲು ಅವರನ್ನೇ ಒಂದು ಮಾತು ಕೇಳುವುದು.

ಮುಂದಿನ ಸಂಚಿಕೆಯಲ್ಲಿ ಅವರೆಕಾಯಿ. ಅಲ್ಲಿಯವರೆಗೆ ನಿಮ್ಮ ಪತ್ರಗಳಿಗೆ ಕಾಯುತ್ತಿರುತ್ತೇನೆ. ಅಟ್ಟದ ಮೇಲೆ ಏನೇನು ಸುತ್ತಿಟ್ಟಿದ್ದೀರಿ, ಅದನ್ನೂ ಬರೆಯಿರಿ.