ಆಗಮವೋ, ಆದೇಶವೋ?

ಅಕ್ಕನ ಮಗ ಮೊನ್ನೆ ರಾತ್ರಿ ಹನ್ನೊಂದಾದರೂ ಊಟಕ್ಕೆ ಏಳಲಿಲ್ಲ. ಪೈಥಾನ್ ಭಾಷೆಯಲ್ಲಿ ಬರೆದ ಗ್ರಂಥಾಲಯದ ಪ್ರೋಗ್ರಾಮನ್ನು ಬೆಳಗ್ಗೆ ಪರೀಕ್ಷಕರಿಗೆ ತೋರಿಸಬೇಕು.

ಅದರಲ್ಲಿ ‘ಪುಸ್ತಕ’ವೆಂಬುದು ತಾಯಿವರ್ಗ, ‘ನಿಘಂಟು’ ಅದರ ಮಗು. ಪುಸ್ತಕವೊಂದು ಹುಟ್ಟಿದೊಡನೆ ಅದರ ಹೆಸರು, ಬೆಲೆಗಳನ್ನು ತುಂಬಿಡುವ ವಿಧಿಗೆ ಕನ್‌ಸ್ಟ್ರಕ್ಟರ್ ಎನ್ನುತ್ತಾರೆ. ನಿಘಂಟಿಗೆ ಪದಸಂಖ್ಯೆಯೂ ಇರಲೆಂದು ಹುಡುಗನು ಅದಕ್ಕೆ ಬೇರೊಂದು ಕನ್‌ಸ್ಟ್ರಕ್ಟರ್ ಬರೆದನು. ಸಂಖ್ಯೆ ಬಂದಿತು, ಹೆಸರೇ ಕಾಣೆಯಾಯಿತು!

“ಮಾವ, ನಾನು ಸೇರಿಸಿದೆನೇ ಹೊರತು ಏನನ್ನೂ ಅಳಿಸಲಿಲ್ಲ” ಎಂದನು.

ನನಗೆ ಗಣಕ ದೂರ, ವ್ಯಾಕರಣ ಹತ್ತಿರ. ‘ಮನೆಯನ್ನು’ ಎಂಬಲ್ಲಿ ಯಕಾರವು ಮಿತ್ರನಂತೆ ಬಂದು ಸೇರುತ್ತದೆ, ಅದು ಆಗಮ. ‘ಮಳೆಗಾಲ’ದಲ್ಲಿ ಗಕಾರವು ಕಕಾರವನ್ನು ನೂಕಿ ಅದರ ಮಣೆಯಲ್ಲೇ ಕೂರುತ್ತದೆ, ಅದು ಆದೇಶ. ಹುಡುಗ ಬಯಸಿದ್ದು ಆಗಮ, ಬರೆದದ್ದು ಆದೇಶ. ಮಗುವಿಗೆ ಸ್ವಂತ ಕನ್‌ಸ್ಟ್ರಕ್ಟರ್ ಇದ್ದರೆ ಪೈಥಾನ್ ತಾಯಿಯದನ್ನು ತಾನಾಗಿ ಕರೆಯದು. ‘ಸೂಪರ್’ ಎಂದು ನಾವೇ ಕರೆಯಬೇಕು. 1995ರಲ್ಲಿ ಬಂದ ಜಾವಾ 2025ರವರೆಗೆ ಈ ವಿಷಯದಲ್ಲಿ ಬಹಳ ಮಡಿಯಾಗಿತ್ತು: ಹಿರಿಯರದು ಮುಗಿಯದೆ ಕಿರಿಯರದು ಆರಂಭವಾಗುವಂತಿರಲಿಲ್ಲ. ನಾರ್ವೆಯ ಡಾಲ್, ನ್ಯೂಗಾರ್ಡ್ ಎಂಬಿಬ್ಬರು ಕಟ್ಟಿದ ‘ಸಿಮುಲಾ 67’ರಲ್ಲಿಯೂ ತಾಯಿಗೇ ಮೊದಲ ಸರದಿ.

ಒಂದು ಸಾಲು ಸೇರಿತು. ನಿಘಂಟಿಗೆ ಹೆಸರು ಮರಳಿತು. ಅಷ್ಟರಲ್ಲಿ ಅಡುಗೆಮನೆಯಿಂದ ಅಕ್ಕ ನಾಲ್ಕನೆಯ ಸಲ ಕೂಗಿದಳು.