ಆದೇಶಸಾಲಿನ ತಂತ್ರಾಂಶ ಮತ್ತು ಕನ್ನಡ ಸಂಶೋಧಕ

ಪದಗಳ ಆವರ್ತನ, ಪ್ರತ್ಯಯಗಳ ಬಳಕೆ, ಪಠ್ಯಗಳ ತೌಲನಿಕ ವಿಶ್ಲೇಷಣೆ ಮೊದಲಾದ ಅಧ್ಯಯನಗಳಿಗೆ ಗಣಕವು ಓದಬಲ್ಲ ಪಠ್ಯ ಅವಶ್ಯಕ. ಮುದ್ರಿತ ಗ್ರಂಥಗಳ ಪುಟಚಿತ್ರಗಳಿಂದ ಅಂತಹ ಪಠ್ಯವನ್ನು ಪಡೆಯುವ ತಂತ್ರಾಂಶದ ಸ್ಥಾಪನೆಯನ್ನು ಕನ್ನಡ ಅಧ್ಯಯನ ವಲಯವು ಬಹುಮಟ್ಟಿಗೆ ‘ತಾಂತ್ರಿಕ ಕೆಲಸ’ವೆಂದು ಭಾವಿಸಿ ಗಣಕ ಬಲ್ಲವರಿಗೆ ಒಪ್ಪಿಸಿಬಿಡುತ್ತದೆ. ಈ ಧೋರಣೆ ಮರುಚಿಂತನೆಗೆ ಒಳಗಾಗಬೇಕಾಗಿದೆ.

ಟೆಸೆರಾಕ್ಟ್ ತಂತ್ರಾಂಶವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಹ್ಯೂಲೆಟ್ ಪ್ಯಾಕರ್ಡ್ ಸಂಸ್ಥೆಯಲ್ಲಿ 1980ರ ದಶಕದಲ್ಲಿ ರೂಪುಗೊಂಡ ಇದು 2005ರಲ್ಲಿ ಮುಕ್ತ ತಂತ್ರಾಂಶವಾಗಿ ಬಿಡುಗಡೆಯಾಯಿತು. 2018ರ ನಾಲ್ಕನೆಯ ಆವೃತ್ತಿಯಲ್ಲಿ ನರಜಾಲ ಆಧಾರಿತ ಗುರುತಿಸುವಿಕೆ ಸೇರ್ಪಡೆಯಾಯಿತು. ಇದರಲ್ಲಿ ಒತ್ತಲು ಗುಂಡಿಗಳಿಲ್ಲ, ಆದೇಶಗಳನ್ನು ಟೈಪಿಸಬೇಕು. ವಿಂಡೋಸ್ ಗಣಕದಲ್ಲಿ ಮೂರು ತೊಡಕುಗಳು ಮುಖ್ಯವಾಗಿ ಎದುರಾಗುತ್ತವೆ. ಮೊದಲನೆಯದಾಗಿ, ತಂತ್ರಾಂಶವಿರುವ ಫೋಲ್ಡರನ್ನು ‘ಪಾತ್’ ಪಟ್ಟಿಗೆ ಸೇರಿಸದಿದ್ದರೆ ಆದೇಶವನ್ನೇ ಗಣಕ ಗುರುತಿಸದು. ಎರಡನೆಯದಾಗಿ, ಸ್ಥಾಪನೆಯ ವೇಳೆ ಕನ್ನಡದ ಭಾಷಾದತ್ತವನ್ನು ಪ್ರತ್ಯೇಕವಾಗಿ ಆಯ್ದುಕೊಳ್ಳಬೇಕು. ಮೂರನೆಯದಾಗಿ, ಫಲಿತವನ್ನು ಹಳೆಯ ಕನ್ಸೋಲ್ ಕಿಟಕಿಯಲ್ಲಿ ತೋರಿಸಿದರೆ ಕನ್ನಡ ಅಕ್ಷರಗಳು ಚೌಕಗಳಾಗಿ ಕಾಣಬಹುದು. ಆದರೆ ಫಲಿತದ ಕಡತವನ್ನು ತೆರೆದು ನೋಡಿದರೆ ಯೂನಿಕೋಡ್ ಪಠ್ಯ ಸರಿಯಾಗಿಯೇ ಇರುತ್ತದೆ. ಇದನ್ನು ಅರಿಯದವರು ತಂತ್ರಾಂಶವೇ ವಿಫಲವಾಯಿತೆಂದು ಕೈಬಿಡುವ ಸಾಧ್ಯತೆ ಹೆಚ್ಚು.

ಇವು ಒಂದೆರಡು ಗಂಟೆಗಳಲ್ಲಿ ಕಲಿಯಬಹುದಾದ ಸಂಗತಿಗಳು. ನಿಜವಾದ ಪ್ರಶ್ನೆ ಇರುವುದು ಮುಂದೆ. ಈ ತಂತ್ರಾಂಶಕ್ಕೆ ವೇಗಕ್ಕೆ ಒತ್ತು ಕೊಟ್ಟ ಭಾಷಾದತ್ತ ಒಂದು, ನಿಖರತೆಗೆ ಒತ್ತು ಕೊಟ್ಟದ್ದು ಇನ್ನೊಂದು. ಒಂದೇ ಪುಟಕ್ಕೆ ಇವೆರಡೂ ಬೇರೆ ಬೇರೆ ಪಾಠಗಳನ್ನು ಕೊಡಬಲ್ಲವು. ದಕಾರ ಧಕಾರಗಳ ನಡುವಿನ ಸಣ್ಣ ಗೆರೆ, ಒತ್ತಕ್ಷರ, ದೀರ್ಘಚಿಹ್ನೆ ಇವು ತಪ್ಪಿದಲ್ಲಿ ಪದವೇ ಬದಲಾಗುತ್ತದೆ. ಹಳಗನ್ನಡದ ಱ, ೞಗಳ ವಿಷಯದಲ್ಲಂತೂ ಪ್ರತಿಯೊಂದು ರೂಪವನ್ನೂ ಮೂಲದೊಡನೆ ಹೋಲಿಸದೆ ನಂಬುವಂತಿಲ್ಲ. ಅಂದರೆ ತಂತ್ರಾಂಶವೂ ಒಬ್ಬ ಲಿಪಿಕಾರನೇ. ಓಲೆಗರಿಯ ಲಿಪಿಕಾರನ ಸ್ಖಾಲಿತ್ಯಗಳನ್ನು ಪರಿಶೀಲಿಸಿ ಪಾಠಾಂತರಗಳನ್ನು ದಾಖಲಿಸುವ ಶಿಸ್ತನ್ನು ಗ್ರಂಥಸಂಪಾದನೆ ನಮಗೆ ಕಲಿಸಿದೆ. ಆ ಶಿಸ್ತು ಇಲ್ಲಿಯೂ ಅನ್ವಯವಾಗಬೇಕು.

ಅಂತರಜಾಲದಲ್ಲಿ ಸಿದ್ಧ ಸೇವೆಗಳಿರುವಾಗ ಈ ಶ್ರಮವೇಕೆ ಎಂಬ ಆಕ್ಷೇಪ ಸಹಜ. ಆ ಸೇವೆಗಳ ಹಿಂದಿನ ಆವೃತ್ತಿ ಬಳಕೆದಾರನ ಹಿಡಿತದಲ್ಲಿರುವುದಿಲ್ಲ. ಇಂದಿನ ಫಲಿತ ನಾಳೆ ಮರುಕಳಿಸುವ ಭರವಸೆಯೂ ಇಲ್ಲ. ತನ್ನ ಗಣಕದಲ್ಲೇ ಸ್ಥಾಪಿಸಿಕೊಂಡವನು ಆವೃತ್ತಿ, ಭಾಷಾದತ್ತ, ಆದೇಶ ಮೂರನ್ನೂ ದಾಖಲಿಸಬಲ್ಲ. ಇನ್ನೊಬ್ಬ ಸಂಶೋಧಕ ಅದನ್ನು ಮರುಪರೀಕ್ಷಿಸಬಲ್ಲ.

ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2009ರ ನಿಯಮಾವಳಿ ಪಿಎಚ್.ಡಿ.ಗೆ ಕೋರ್ಸ್‌ವರ್ಕನ್ನು ಕಡ್ಡಾಯಗೊಳಿಸಿತು. ಅದರ ಸಂಶೋಧನಾ ವಿಧಾನದ ಪತ್ರಿಕೆಯಲ್ಲಿ ಇಂತಹ ಒಂದು ತಂತ್ರಾಂಶದ ಸ್ಥಾಪನೆ ಹಾಗೂ ಫಲಿತಪರಿಶೀಲನೆಗೆ ಕೆಲವು ತರಗತಿಗಳನ್ನು ಮೀಸಲಿಡುವುದು ಕಷ್ಟವಲ್ಲ. ಗಣಕದ ನೆರವಿನ ಪ್ರಬಂಧಗಳಲ್ಲಿ ಪಠ್ಯ ಸಿದ್ಧವಾದ ಬಗೆಯನ್ನು ಪ್ರಸ್ತಾವನೆಯಲ್ಲೇ ವಿವರಿಸುವಂತೆ ಮಾರ್ಗದರ್ಶಕರು ಕೇಳಬೇಕು. ಪಠ್ಯವೇ ಸಂಶಯಾಸ್ಪದವಾದಲ್ಲಿ ಅದರ ಮೇಲೆ ಕಟ್ಟಿದ ಅಂಕಿ ಅಂಶಗಳಿಗೆ ಏನು ಬೆಲೆ?